ಚರ್ಚಿಸಲಾಯಿತು

ಹನ್ನೊಂದಕ್ಕೆ ಎಂದು ನೋಟೀಸಿನಲ್ಲಿತ್ತು.
ಪೌರಾಯುಕ್ತರು ಬಂದದ್ದು ಹನ್ನೆರಡೂವರೆಗೆ.
ಅಷ್ಟರೊಳಗೆ ಗದಗಿನ ಗಾಳಿ ಕಿಟಕಿ ದಾಟಿ ಬಂದು
ಗೋಡೆಯ ನಕ್ಷೆಯನ್ನು ಎರಡು ಸಲ ಬೀಳಿಸಿತ್ತು.
ಎರಡನೆಯ ಸಲ ಜವಾನ ಫಕ್ಕೀರಪ್ಪ
ಅದನ್ನು ತಲೆಕೆಳಗಾಗಿ ಅಂಟಿಸಿದ.
ಯಾರೂ ಏನೂ ಅನ್ನಲಿಲ್ಲ.

ನನ್ನ ಕೆಲಸ ಬರೆಯುವುದು.
ಮೂಲೆಯ ಕುರ್ಚಿ, ನಡಾವಳಿ ಪುಸ್ತಕ, ನೀಲಿ ಪೆನ್ನು.
ವಿಷಯ ಸಂಖ್ಯೆ ನಾಲ್ಕು:
ಬಡಾವಣೆ, ಕಟ್ಟಡಗಳ ಮಂಜೂರಾತಿಗೆ ಹೊಸ ಕ್ರಮ.
ಆಕ್ಷೇಪಣೆಗೆ ಮೂವತ್ತು ದಿನ ಇದ್ದದ್ದು ಇನ್ನು ಏಳು.
ಊರೆದುರಿನ ವಿಚಾರಣೆ ಇದ್ದದ್ದು ಇನ್ನು
ಐದು ಮಂದಿಯ ಸಮಿತಿ, ಮುಚ್ಚಿದ ಬಾಗಿಲು, ಒಂದು ಸಹಿ.

ಮೊದಲು ಎದ್ದವರು ದಾವಲಸಾಬ ಅಣ್ಣಿಗೇರಿ.
'ನಲವತ್ತೊಂದು ವರ್ಷ ಪ್ರೆಸ್ಸಿನಾಗ ಮೊಳಿ ಜೋಡಿಸೇನ್ರಿ ನಾ.
ಮದುವಿ ಕಾರ್ಡಿಗೆ ಇಪ್ಪತ್ನಾಕು ಪಾಯಿಂಟು,
ಸತ್ತವರ ಸುದ್ದಿಗೆ ಹನ್ನೆರಡು.
ನಿಮ್ಮ ಪ್ರಕಟಣಿ ಆರರಾಗ ಐತಿ.
ಮಂದಿ ಓದಬಾರದ್ದಕ್ಕಷ್ಟ ನಾವು ಆರು ಹಾಕತಿದ್ವಿ.'
ಜುಬ್ಬಾದ ಕಿಸೆಯಿಂದ ಭೂತಗನ್ನಡಿ ತೆಗೆದು
ಅಧ್ಯಕ್ಷರ ಮೇಜಿನ ಮೇಲೆ ಇಟ್ಟರು,
ಸಾಕ್ಷಿ ಇಟ್ಟಂತೆ.
ಬರೆದೆ: ಪ್ರಕಟಣೆಯ ಬಗ್ಗೆ ಅಭಿಪ್ರಾಯ ವ್ಯಕ್ತಪಡಿಸಲಾಯಿತು.

ಬೆಟಗೇರಿಯ ಅಂಬೂಬಾಯಿ ಬಾಕಳೆ
ಸೆರಗು ಸಿಕ್ಕಿಸಿ ನಕ್ಷೆಯ ಹತ್ತಿರವೇ ಹೋದಳು.
'ಹಸರ ಬಣ್ಣ ಬಳದು ಉದ್ಯಾನ ಅಂತ ಬರದೀರಿ. ಅದು ಹಳ್ಳ ರೀ.
ಹ್ವಾದ ವರ್ಷ ಶ್ರಾವಣದಾಗ
ನಮ್ಮ ಕುಣಿಮಗ್ಗದೊಳಗ ಮೊಣಕಾಲಮಟ ನೀರು ನಿಂತು
ನಾಕು ಸೀರಿ ಹಾಸು ತೊಯ್ದು ಹೋತು.
ಉದ್ಯಾನ ಬಂದು ನಿಂತಿತ್ತೇನು ಮನ್ಯಾಗ?'
ಆಮೇಲೆ ತುಸು ಹಿಂದೆ ಸರಿದು, ಕತ್ತು ಓರೆ ಮಾಡಿ,
'ಮೊದ್ಲ ಇದನ್ನ ಸರಿ ಹಚ್ರಿ.
ಹಳ್ಳ ಗುಡ್ಡ ಹತ್ತಾಕ್ಹತ್ತೈತಿ.'

ಸಭೆಯೆಲ್ಲ ನಕ್ಕಿತು. ನಗು ನಡಾವಳಿಯಲ್ಲಿ ಬರುವುದಿಲ್ಲ.

ಆಗ ಬಾಗಿಲ ಬಳಿಯಿಂದ
ಮೋಟಾರು ವೈಂಡಿಂಗಿನ ನಿಂಗರಾಜ ಸೊಪ್ಪಿನ,
ಬೆರಳ ಸಂದಿಯಲ್ಲಿ ಇನ್ನೂ ವಾರ್ನಿಶು:
'ಮೂವತ್ತು ದಿನ ಬೇಕಂತೀರಿ ಹಿರ್ಯಾರ.
ನನಗ ಹದಿನೇಳು ತಿಂಗಳಾತು.
ಇಪ್ಪತ್ತು-ಮೂವತ್ತರ ಸೈಟು, ಎರಡು ಖೋಲಿ,
ಅದಕ್ಕ ಬಾಡಿಗಿನೂ ಕಟ್ಟತೀನಿ, ಬಡ್ಡಿನೂ ಕಟ್ಟತೀನಿ.
ಮುಚ್ಚಿದ ಬಾಗಲಾ ಆಗ್ಲಿ, ಒಂದ ಸಹಿ ಆಗ್ಲಿ.
ನಿಮ್ಮ ತೆರೆದ ಬಾಗಲದಾಗ ನಿಂತು ನಿಂತು
ನನಗೇನ ಸಿಕ್ಕೈತಿ?'

ಯಾರೂ ಚಪ್ಪಾಳೆ ತಟ್ಟಲಿಲ್ಲ, ಬೇಡ ಎನ್ನಲೂ ಇಲ್ಲ.
ದಾವಲಸಾಬರು ತಮ್ಮ ಉಗುರು ನೋಡುತ್ತ ಕುಳಿತರು.

ನನ್ನ ಪೆನ್ನು ನಿಂತಿತು.
ಅವನ ಫೈಲು ನನ್ನ ಕಪಾಟಿನಲ್ಲಿದೆ. ಎರಡನೆಯ ಖಾನೆ,
ಗುಲಾಬಿ ದಾರ.
ಹಿಡಿದಿಡು ಎಂದು ಯಾರೂ ಹೇಳಿರಲಿಲ್ಲ,
ಕಳಿಸು ಎಂದೂ.
ನಾಲ್ಕು ಸಾಲಿನ ಟಿಪ್ಪಣಿ ನಾನು ಬರೆಯಬೇಕಿತ್ತು.
ಬರೆಯದಿರುವುದು
ಊಟದ ಡಬ್ಬಿ ತೊಳೆದಿಡುವಷ್ಟೇ ಸಹಜವಾಗಿ
ದಿನಾ ನಡೆಯುತ್ತಿತ್ತು.

ಕಚೇರಿಗೆ ಸೇರಿದ ಮೊದಲ ವಾರ
ನನಗೆ ಕಲಿಸಿದ ವ್ಯಾಕರಣ ಇಷ್ಟು: ಕೊನೆಗೆ 'ಲಾಯಿತು' ಹಚ್ಚು.
ಪರಿಶೀಲಿಸಲಾಯಿತು. ಮುಂದೂಡಲಾಯಿತು. ಅನುಮೋದಿಸಲಾಯಿತು.
ಹಚ್ಚಿದ್ದೇ ತಡ, ಮಾಡಿದವರು
ವಾಕ್ಯದಿಂದ ಎದ್ದು ಚಹಾಕ್ಕೆ ಹೋಗುತ್ತಾರೆ.
ಮಾಡದವರೂ.

ಎರಡೂವರೆಗೆ ಮೈಕು ಆರಿತು.
ಎತ್ತಿದ ಕೈಗಳನ್ನು ಯಾರೂ ಎಣಿಸಲಿಲ್ಲ;
'ಸಾಧಕ ಬಾಧಕ ನೋಡೋಣ' ಎಂದರು ಪೌರಾಯುಕ್ತರು,
ಫೋನು ಕಿವಿಗಿಟ್ಟುಕೊಂಡು.

ಮುದುಕ ತನ್ನ ಭೂತಗನ್ನಡಿಗೆ ಬಂದ.
ಹೋಗುವಾಗ ನನ್ನ ಪುಟದ ಮೇಲೆ ಅದನ್ನು ಹಿಡಿದು
ಎಡದಿಂದ ಬಲಕ್ಕೆ ನಿಧಾನ ಸರಿಸಿದ.
'ಅಕ್ಷರ ದುಂಡಗ ಅದಾವವ್ವ.
ಇದರಾಗ ನಾವು ಎಲ್ಲಿ ಅದೀವಿ?'

ಹೊರಗೆ ಯಾರೋ ಗಾಡಿಗೆ ಕಿಕ್ ಹೊಡೆಯುತ್ತಿದ್ದರು.
ಮೂರು ಸಲ, ನಾಲ್ಕು ಸಲ, ಹತ್ತುತ್ತಿಲ್ಲ.
ಕಪಾಟಿನ ಕೀಲಿ ನನ್ನ ಪರ್ಸಿನಲ್ಲಿ.
ಕಿಟಕಿಗೆ ಹೋಗಿ ಕೂಗಿದೆ,
'ಸೊಪ್ಪಿನವರ, ಒಂದ್ನಿಮಿಷ ನಿಂದರ್ರಿ.'
ಗಾಳಿಗೆ ಕೇಳಿಸಿತೋ ಇಲ್ಲವೋ.
ಇನ್ನೊಮ್ಮೆ ಕೂಗಿದೆ.